ಹಳೆಯ ಫಿಲ್ಮ್ ಕ್ಯಾಮೆರಾಗಳ ಸಂಗ್ರಹ ಮತ್ತು ಬಳಕೆ

ಹಳೆಯ ಫಿಲ್ಮ್ ಕ್ಯಾಮೆರಾಗಳ ಸಂಗ್ರಹ ಮತ್ತು ಬಳಕೆಯು, ಡಿಜಿಟಲ್ ಪೂರ್ವ ಕಾಲದ ಕ್ಯಾಮೆರಾಗಳನ್ನು ಕೂಡಿಸಿ, ದುರಸ್ತಿ ಮಾಡಿ, ಅವುಗಳಲ್ಲಿ ಫಿಲ್ಮ್ ಹಾಕಿ ಚಿತ್ರ ತೆಗೆಯುವ ಹವ್ಯಾಸವಾಗಿದೆ. ಕೆಲವರು ಕ್ಯಾಮೆರಾವನ್ನು ಪ್ರದರ್ಶನದ ವಸ್ತುವಾಗಿ ಮಾತ್ರ ಇರಿಸಿಕೊಳ್ಳುತ್ತಾರೆ. ಕೆಲವರು ಅದನ್ನು ಈಗಲೂ ಬಳಸುತ್ತಾರೆ. ಕ್ಯಾಮೆರಾದೊಂದಿಗೆ ಬರುವ ಹಳೆಯ ನೆಗೆಟಿವ್‌ಗಳನ್ನು ಉಳಿಸುವುದೂ ಈ ಹವ್ಯಾಸದ ಭಾಗವಾಗಿದೆ. ಕೆಟ್ಟ ಕ್ಯಾಮೆರಾದ ಬದಲಿಗೆ ಅದೇ ಮಾದರಿಯ ಇನ್ನೊಂದು ಸಿಗಬಹುದು. ಆದರೆ ನೆಗೆಟಿವ್ ಒಂದೇ ಇರುತ್ತದೆ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಪ್ರದೇಶದಲ್ಲಿ ಈ ಸಂರಕ್ಷಣೆಗೆ ವಿಶೇಷ ಮಹತ್ವವಿದೆ. ಈ ಭಾಗದ ರೂಪವನ್ನೇ ಬದಲಿಸಿದ ಹಲವು ಘಟನೆಗಳು ಫಿಲ್ಮ್ ಕಾಲದಲ್ಲಿಯೇ ನಡೆದಿವೆ. ಇಲ್ಲಿನ ಮಳೆಗಾಲದ ತೇವವೇ ಫಿಲ್ಮ್ ಮತ್ತು ಮಸೂರಗಳ ದೊಡ್ಡ ಶತ್ರುವೂ ಆಗಿದೆ.

ಹಿನ್ನೆಲೆ

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಅವರ ಕೊಡಾಕ್ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಛಾಯಾಗ್ರಹಣವು ವೃತ್ತಿನಿರತರ ಕೈಯಿಂದ ಸಾಮಾನ್ಯರ ಕೈಗೆ ಹರಿಯತೊಡಗಿತು. 1900ರಲ್ಲಿ ಒಂದು ಡಾಲರ್ ಬೆಲೆಯ ಬ್ರೌನಿ ಡಬ್ಬಿ ಕ್ಯಾಮೆರಾ ಬಂದಿತು. 1901ರಲ್ಲಿ ಬಂದ 120 ಅಳತೆಯ ರೋಲ್ ಫಿಲ್ಮ್ ಇಂದಿಗೂ ತಯಾರಾಗುತ್ತಿದೆ. ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರಾಟಕ್ಕೆ ಬಂದು, ಚಲನಚಿತ್ರಕ್ಕೆ ಬಳಸುತ್ತಿದ್ದ 35 ಮಿ.ಮೀ. ಫಿಲ್ಮನ್ನು ಸ್ಥಿರಚಿತ್ರಕ್ಕೆ ಜನಪ್ರಿಯಗೊಳಿಸಿತು. ಎರಡು ಮಸೂರಗಳ ರೋಲಿಫ್ಲೆಕ್ಸ್ 1929ರಲ್ಲಿ ಬಂದಿತು. ಇಂದು ಅಂಗಡಿಯಲ್ಲಿ ದೊರೆಯುವ 35 ಮಿ.ಮೀ. ಫಿಲ್ಮಿನ ಡಬ್ಬಿ 1934ರಲ್ಲಿ ಬಳಕೆಗೆ ಬಂದಿತು. 1959ರ ನಿಕಾನ್ ಎಫ್ ಕ್ಯಾಮೆರಾದ ಬಳಿಕ ಏಕಮಸೂರ ರಿಫ್ಲೆಕ್ಸ್ ಮಾದರಿಯು ಪತ್ರಿಕಾ ಛಾಯಾಗ್ರಾಹಕರ ಮುಖ್ಯ ಉಪಕರಣವಾಯಿತು.

2000ದ ನಂತರದ ದಶಕದಲ್ಲಿ ಡಿಜಿಟಲ್ ಕ್ಯಾಮೆರಾಗಳು ಹರಡಿದಂತೆ ಫಿಲ್ಮ್ ಬಳಕೆ ಕುಸಿಯಿತು. ಕೊಡಾಕ್ ಕಂಪನಿಯು 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿತು. ಆದರೂ ಫಿಲ್ಮ್ ಪೂರ್ತಿಯಾಗಿ ಮರೆಯಾಗಲಿಲ್ಲ. ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು 2018ರಲ್ಲಿ ಮತ್ತೆ ಮಾರುಕಟ್ಟೆಗೆ ತರಲಾಯಿತು. 2024ರಲ್ಲಿ ಪೆಂಟ್ಯಾಕ್ಸ್ 17 ಎಂಬ ಹೊಸ ಫಿಲ್ಮ್ ಕ್ಯಾಮೆರಾ ಬಿಡುಗಡೆಯಾಯಿತು.

ಭಾರತದಲ್ಲಿ

ಸ್ವಾತಂತ್ರ್ಯಾನಂತರ ಆಮದಿನ ಮೇಲೆ ನಿರ್ಬಂಧಗಳಿದ್ದ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಹೆಚ್ಚಾಗಿ ತಲುಪಿದ ಕ್ಯಾಮೆರಾಗಳಲ್ಲಿ ಆಗ್ಫಾ ಕ್ಲಿಕ್-3 ಒಂದು. ಇದನ್ನು ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿತ್ತು. ಇದರಲ್ಲಿ 120 ಅಳತೆಯ ಫಿಲ್ಮಿನ ಒಂದು ರೋಲಿಗೆ 12 ಚೌಕ ಚಿತ್ರಗಳು ಬರುತ್ತಿದ್ದವು. ಬಳಸುವುದು ಸುಲಭವಾಗಿದ್ದುದರಿಂದ ಶಾಲಾ ಪ್ರವಾಸ, ನಾಮಕರಣ, ಜಾತ್ರೆ ಮುಂತಾದ ಸಂದರ್ಭಗಳಲ್ಲಿ ಇಂತಹ ಕ್ಯಾಮೆರಾಗಳು ಕಾಣಿಸುತ್ತಿದ್ದವು.

ಫಿಲ್ಮ್ ತಯಾರಿಕೆಯಲ್ಲಿ ಸ್ವಾವಲಂಬನೆಗಾಗಿ ಕೇಂದ್ರ ಸರ್ಕಾರವು 1960ರಲ್ಲಿ ನೀಲಗಿರಿಯ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿ 1967ರಲ್ಲಿ ಉತ್ಪಾದನೆ ಆರಂಭವಾಯಿತು. ಅದರ 'ಇಂದು' ಹೆಸರಿನ ಕಪ್ಪು-ಬಿಳುಪು ಫಿಲ್ಮ್ ಮತ್ತು ಕಾಗದ ದೇಶದ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದ್ದವು. ಈ ಕಾರ್ಖಾನೆ ಈಗ ಮುಚ್ಚಿದೆ.

ಸಂಗ್ರಾಹಕರಲ್ಲಿ ಮುಂಬಯಿಯ ದಿಲೀಶ್ ಪಾರೇಖ್ ಅವರ ಹೆಸರು ಪ್ರಸಿದ್ಧವಾಗಿದೆ. 4,425 ಕ್ಯಾಮೆರಾಗಳ ಅವರ ಸಂಗ್ರಹ 2003ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಹರಿಯಾಣದ ಗುರುಗ್ರಾಮದಲ್ಲಿ ಛಾಯಾಗ್ರಾಹಕ ಆದಿತ್ಯ ಆರ್ಯ ಅವರು ರೂಪಿಸಿದ 'ಮ್ಯೂಸಿಯೊ ಕ್ಯಾಮೆರಾ' ವಸ್ತುಸಂಗ್ರಹಾಲಯವು ಕ್ಯಾಮೆರಾಗಳಿಗೆ ಮೀಸಲಾಗಿದೆ.

ಕರ್ನಾಟಕದಲ್ಲಿ

ಕರ್ನಾಟಕದ ಸ್ಮಾರಕಗಳು ಛಾಯಾಗ್ರಹಣದ ಆರಂಭದ ದಶಕಗಳಲ್ಲಿಯೇ ಕ್ಯಾಮೆರಾದ ಮುಂದೆ ಬಂದವು. ಲಿನೀಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಬೇಲೂರು ಮತ್ತು ಹಳೇಬೀಡಿನ ಚಿತ್ರಗಳನ್ನು ತೆಗೆದರು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಪಿಗೌ, ನೀಲ್ ಮತ್ತು ಬಿಗ್ಸ್ ಅವರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಅದಕ್ಕೆ ಫಿಲಿಪ್ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಬರೆಹ ಒದಗಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಮೈಸೂರಿನಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಹಣದಲ್ಲಿ ಹೆಸರು ಗಳಿಸಿ 1977ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದರು. ವನ್ಯಜೀವಿ ಛಾಯಾಗ್ರಹಣದಲ್ಲಿ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಫಿಲ್ಮ್ ಕಾಲದಲ್ಲಿಯೇ ಪ್ರಸಿದ್ಧರಾದರು. ಸಾಹಿತಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಅವರೂ ಪಕ್ಷಿ ಛಾಯಾಗ್ರಹಣದಲ್ಲಿ ತೊಡಗಿದ್ದರು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯು ಹವ್ಯಾಸಿಗಳ ಮುಖ್ಯ ಸಂಘಗಳಲ್ಲಿ ಒಂದು.

ಹಳೆಯ ಕ್ಯಾಮೆರಾಗಳನ್ನು ನೋಡಬಯಸುವವರಿಗೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯಲ್ಲಿ ಛಾಯಾಚಿತ್ರಗಳ ದೊಡ್ಡ ಸಂಗ್ರಹವಿದೆ.

ಮುಖ್ಯ ವಿಧಗಳು

ಡಬ್ಬಿ ಕ್ಯಾಮೆರಾ: ಒಂದು ಸರಳ ಮಸೂರ ಮತ್ತು ಒಂದೇ ವೇಗದ ಶಟರ್ ಇರುವ ಪೆಟ್ಟಿಗೆ. ಇದರಲ್ಲಿ ಕೆಡುವ ಭಾಗಗಳು ಕಡಿಮೆಯಾದ್ದರಿಂದ ಆರಂಭಿಕರಿಗೆ ಅನುಕೂಲ.

ಮಡಚುವ ಕ್ಯಾಮೆರಾ: ಮಸೂರವನ್ನು ತಿದಿಯಂತಹ ಚರ್ಮ ಅಥವಾ ಬಟ್ಟೆಯ ಮಡಿಕೆಗಳ ಮೂಲಕ ಮುಂದಕ್ಕೆ ಎಳೆಯಬಹುದು. ಮಡಿಕೆಯ ಮೂಲೆಗಳಲ್ಲಿ ಸಣ್ಣ ತೂತುಗಳಾಗುವುದು ಇದರ ಸಾಮಾನ್ಯ ದೋಷ.

ಜೋಡಿಮಸೂರ ರಿಫ್ಲೆಕ್ಸ್: ಮೇಲಿನ ಮಸೂರ ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ನೋಡಬೇಕು. ದೃಶ್ಯವು ಎಡಬಲ ಅದಲುಬದಲಾಗಿ ಕಾಣುತ್ತದೆ. ರೋಲಿಫ್ಲೆಕ್ಸ್ ಮತ್ತು ಯಾಶಿಕಾ-ಮ್ಯಾಟ್ ಇದರ ಉದಾಹರಣೆಗಳು.

ರೇಂಜ್‌ಫೈಂಡರ್: ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂಡಿಸಿ ದೂರವನ್ನು ಹೊಂದಿಸುವ ಮಾದರಿ. ಲೈಕಾ, ರಷ್ಯಾದ ಜೋರ್ಕಿ, ಜಪಾನಿನ ಯಾಶಿಕಾ ಎಲೆಕ್ಟ್ರೋ 35 ಈ ವರ್ಗಕ್ಕೆ ಸೇರುತ್ತವೆ.

ಏಕಮಸೂರ ರಿಫ್ಲೆಕ್ಸ್: ನೋಡುವುದು ಮತ್ತು ಚಿತ್ರ ತೆಗೆಯುವುದು ಒಂದೇ ಮಸೂರದ ಮೂಲಕ. 1976ರ ಪೆಂಟ್ಯಾಕ್ಸ್ ಕೆ1000, 1982ರ ನಿಕಾನ್ ಎಫ್‌ಎಂ2, ರಷ್ಯಾದ ಜೆನಿತ್ ಮುಂತಾದವು. ಇವುಗಳಲ್ಲಿ ಕೆಲವು ಸಂಪೂರ್ಣ ಯಾಂತ್ರಿಕವಾಗಿದ್ದು, ಬ್ಯಾಟರಿ ಇಲ್ಲದೆಯೂ ಶಟರ್ ಕೆಲಸ ಮಾಡುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ

ಹಳೆಯ ಕ್ಯಾಮೆರಾಗಳು ಸಾಮಾನ್ಯವಾಗಿ ಮನೆಯ ಅಟ್ಟ, ಮುಚ್ಚಿದ ಸ್ಟುಡಿಯೋ, ಗುಜರಿ ಅಂಗಡಿ ಮತ್ತು ಇತರ ಸಂಗ್ರಾಹಕರ ಮೂಲಕ ದೊರೆಯುತ್ತವೆ. ಹೊರನೋಟಕ್ಕೆ ಹೊಳೆಯುವ ಕ್ಯಾಮೆರಾ ಒಳಗೆ ಕೆಟ್ಟಿರಬಹುದು. ಆದ್ದರಿಂದ ಈ ಕೆಳಗಿನ ಪರೀಕ್ಷೆಗಳು ರೂಢಿಯಲ್ಲಿವೆ.

ಮಸೂರದ ಒಂದು ಬದಿಯಿಂದ ಟಾರ್ಚ್ ಬೆಳಕು ಹಾಯಿಸಿ ಇನ್ನೊಂದು ಬದಿಯಿಂದ ನೋಡಿದರೆ ಜೇಡರ ಬಲೆಯಂತಹ ಬೂಷ್ಟು ಅಥವಾ ಮಂಜಿನಂತಹ ಪೊರೆ ಗೋಚರಿಸುತ್ತದೆ. ಶಟರನ್ನು ಎಲ್ಲ ವೇಗಗಳಲ್ಲಿಯೂ ಒತ್ತಿ ನೋಡಬೇಕು. ಒಳಗಿನ ಎಣ್ಣೆ ಒಣಗಿದ್ದರೆ ಒಂದು ಸೆಕೆಂಡ್, ಅರ್ಧ ಸೆಕೆಂಡಿನಂತಹ ನಿಧಾನ ವೇಗಗಳು ಮೊದಲು ಕೈಕೊಡುತ್ತವೆ. ಹಿಂಬಾಗಿಲಿನ ಅಂಚಿಗೆ ಅಂಟಿಸಿದ ಕಪ್ಪು ಸ್ಪಂಜು ಕಾಲಕ್ರಮೇಣ ಅಂಟುಪುಡಿಯಾಗಿ ಬೆಳಕು ಸೋರುತ್ತದೆ. ಇದನ್ನು ಕಡಿಮೆ ಖರ್ಚಿನಲ್ಲಿ ಬದಲಿಸಬಹುದು. ಮಡಚುವ ಕ್ಯಾಮೆರಾದ ಒಳಗೆ ಕತ್ತಲಲ್ಲಿ ಟಾರ್ಚ್ ಇಟ್ಟರೆ ಮಡಿಕೆಯ ತೂತುಗಳು ನಕ್ಷತ್ರಗಳಂತೆ ಹೊಳೆಯುತ್ತವೆ.

1960 ಮತ್ತು 1970ರ ದಶಕಗಳ ಹಲವು ಕ್ಯಾಮೆರಾಗಳ ಬೆಳಕುಮಾಪಕಗಳು 1.35 ವೋಲ್ಟ್‌ನ ಪಾದರಸದ ಬ್ಯಾಟರಿಯನ್ನು ಬಳಸುತ್ತಿದ್ದವು. ಪರಿಸರದ ಕಾರಣಕ್ಕೆ ಅವುಗಳ ತಯಾರಿಕೆ ನಿಂತಿದೆ. ಬದಲಿಗೆ 1.5 ವೋಲ್ಟ್‌ನ ಬ್ಯಾಟರಿ ಹಾಕಿದರೆ ಕೆಲವು ಮಾಪಕಗಳು ತಪ್ಪು ಅಳತೆ ತೋರಿಸುತ್ತವೆ. ಫಿಲ್ಮಿನ ಅಳತೆಯನ್ನೂ ಗಮನಿಸಬೇಕು. 35 ಮಿ.ಮೀ. ಮತ್ತು 120 ಫಿಲ್ಮ್‌ಗಳು ಈಗಲೂ ದೊರೆಯುತ್ತವೆ. ಕೊಡಾಕ್‌ನ 620 ಅಳತೆಯ ತಯಾರಿಕೆ ನಿಂತಿದ್ದು, 120 ಫಿಲ್ಮನ್ನೇ ಕತ್ತಲಲ್ಲಿ 620ರ ಸುರುಳಿಗೆ ಸುತ್ತಿ ಬಳಸಬೇಕಾಗುತ್ತದೆ.

ಕ್ಯಾಮೆರಾದಲ್ಲಿ ಫಿಲ್ಮ್ ಉಳಿದಿರಬಹುದು. ಹಿಂಬಾಗಿಲು ತೆರೆದರೆ ಅದರಲ್ಲಿರುವ ಚಿತ್ರಗಳು ನಾಶವಾಗುತ್ತವೆ. ಆದ್ದರಿಂದ ಸುತ್ತುವ ಗುಂಡಿಯನ್ನು ಮೆಲ್ಲನೆ ತಿರುಗಿಸಿ ಬಿಗಿ ಇದೆಯೇ ಎಂದು ಮೊದಲು ನೋಡಬೇಕು. ಬಿಗಿ ಇದ್ದರೆ ಕತ್ತಲೆ ಕೋಣೆಯಲ್ಲಿಯೇ ಫಿಲ್ಮನ್ನು ಹೊರತೆಗೆಯಬೇಕು. ಕಪ್ಪು-ಬಿಳುಪು ಫಿಲ್ಮ್ ಆಗಿದ್ದರೆ ದಶಕಗಳ ನಂತರವೂ ಮಸುಕಾದ ಬಿಂಬ ದೊರೆಯುವ ಸಾಧ್ಯತೆ ಇರುತ್ತದೆ.

ಚಿತ್ರ ತೆಗೆಯುವ ಕ್ರಮ

ಬೆಳಕುಮಾಪಕವಿಲ್ಲದ ಕ್ಯಾಮೆರಾಗಳಲ್ಲಿ 'ಬಿಸಿಲು 16' ನಿಯಮವನ್ನು ಬಳಸುತ್ತಾರೆ. ಪೂರ್ಣ ಬಿಸಿಲಿನಲ್ಲಿ ಅಪರ್ಚರನ್ನು ಎಫ್ 16ಕ್ಕೆ ಇಟ್ಟು, ಶಟರ್ ವೇಗವನ್ನು ಫಿಲ್ಮಿನ ಐಎಸ್‌ಒ ಅಂಕಿಗೆ ಸಮೀಪವಾಗಿ ಹೊಂದಿಸುವುದೇ ಈ ನಿಯಮ. ಐಎಸ್‌ಒ 100ರ ಫಿಲ್ಮಿಗೆ ಸೆಕೆಂಡಿನ 1/125 ಭಾಗ ಸಾಕು. ಮೋಡ ಕವಿದಾಗ ಎಫ್ 8, ತೆರೆದ ನೆರಳಿನಲ್ಲಿ ಎಫ್ 5.6 ಅಥವಾ ಎಫ್ 4 ಬೇಕಾಗುತ್ತದೆ.

ದಟ್ಟ ಕಾಡಿನಲ್ಲಿ ಲೆಕ್ಕ ಬೇರೆಯಾಗುತ್ತದೆ. ದಾಂಡೇಲಿ ಮತ್ತು ಜೋಯಿಡಾ ಕಾಡುಗಳು ಮಂಗಟ್ಟೆ ಹಕ್ಕಿಗಳಿಗೆ ಹೆಸರಾದವು. ಮರದ ಮೇಲ್ಛಾವಣಿಯ ಕೆಳಗೆ ಬೆಳಕು ಬಯಲಿಗಿಂತ ಐದು ಹಂತ ಕಡಿಮೆಯಾಗಿದೆ ಎಂದಿಟ್ಟುಕೊಂಡರೆ, ಐಎಸ್‌ಒ 100ರ ಫಿಲ್ಮಿನಲ್ಲಿ ಎಫ್ 5.6ಕ್ಕೆ ಸೆಕೆಂಡಿನ 1/30 ಭಾಗದ ವೇಗ ಮಾತ್ರ ಸಿಗುತ್ತದೆ. 300 ಮಿ.ಮೀ. ದೂರಮಸೂರವನ್ನು ಕೈಯಲ್ಲಿ ಹಿಡಿದು ತೆಗೆಯಲು ಸುಮಾರು 1/300 ವೇಗ ಬೇಕು. ಫಿಲ್ಮ್ ಕಾಲದ ವನ್ಯಜೀವಿ ಛಾಯಾಗ್ರಾಹಕರಿಗೆ ಮುಕ್ಕಾಲಿ ಸ್ಟ್ಯಾಂಡ್ ಮತ್ತು ತಾಳ್ಮೆ ಎರಡೂ ಅನಿವಾರ್ಯವಾಗಿದ್ದುದಕ್ಕೆ ಇದೇ ಕಾರಣ. 35 ಮಿ.ಮೀ. ರೋಲಿನಲ್ಲಿ ಸಾಮಾನ್ಯವಾಗಿ 36 ಚಿತ್ರಗಳಿಗಷ್ಟೇ ಅವಕಾಶವಿದ್ದು, ತೆಗೆದ ಚಿತ್ರ ಹೇಗೆ ಬಂದಿದೆ ಎಂಬುದು ತೊಳೆದ ಮೇಲೆಯೇ ತಿಳಿಯುತ್ತಿತ್ತು.

ಡಬ್ಬಿ ಕ್ಯಾಮೆರಾಗಳಿಗೆ ಎರಡು ಎಚ್ಚರಿಕೆಗಳು ಅಗತ್ಯ. ಅವುಗಳ ಶಟರ್ ನಿಧಾನವಾದುದರಿಂದ ಬಿಸಿಲಿನಲ್ಲಿ ಐಎಸ್‌ಒ 400ರ ಫಿಲ್ಮ್ ಬಳಸಿದರೆ ಬೆಳಕು ಅತಿಯಾಗುತ್ತದೆ. ಐಎಸ್‌ಒ 100 ಅಥವಾ ಅದಕ್ಕಿಂತ ಕಡಿಮೆಯದು ಒಳ್ಳೆಯದು. ಎರಡನೆಯದಾಗಿ, ಚಿತ್ರದ ಸಂಖ್ಯೆ ನೋಡಲು ಹಿಂಬದಿಯಲ್ಲಿರುವ ಕೆಂಪು ಕಿಟಕಿಯು ಕೆಂಪು ಬೆಳಕಿಗೆ ಸ್ಪಂದಿಸದ ಹಿಂದಿನ ಫಿಲ್ಮ್‌ಗಳಿಗಾಗಿ ರೂಪುಗೊಂಡದ್ದು. ಇಂದಿನ ಫಿಲ್ಮ್‌ಗಳು ಕೆಂಪಿಗೂ ಸ್ಪಂದಿಸುವುದರಿಂದ ಕಿಟಕಿಗೆ ಕಪ್ಪು ಪಟ್ಟಿ ಅಂಟಿಸಿ, ಫಿಲ್ಮ್ ಸುತ್ತುವಾಗ ಮಾತ್ರ ನೆರಳಿನಲ್ಲಿ ತೆರೆಯಬೇಕು.

ಫಿಲ್ಮ್ ತೊಳೆಯುವುದು

ಡೆವಲಪ್ ಮಾಡುವುದನ್ನು ಕನ್ನಡದ ಆಡುಮಾತಿನಲ್ಲಿ 'ಫಿಲ್ಮ್ ತೊಳೆಯುವುದು' ಅಥವಾ 'ರೀಲು ತೊಳೆಯುವುದು' ಎನ್ನುತ್ತಾರೆ. ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲಿಯೇ ತೊಳೆಯಬಹುದು. ಕತ್ತಲಲ್ಲಿ ಫಿಲ್ಮನ್ನು ಸುರುಳಿಗೆ ಸುತ್ತಿ, ಬೆಳಕು ನುಗ್ಗದ ಡಬ್ಬಿಯೊಳಗೆ ಹಾಕಿದ ಮೇಲೆ ಉಳಿದ ಕೆಲಸ ಬೆಳಕಿನಲ್ಲಿಯೇ ನಡೆಯುತ್ತದೆ. ಮೊದಲು ಡೆವಲಪರ್, ಬಳಿಕ ಅದರ ಕ್ರಿಯೆಯನ್ನು ನಿಲ್ಲಿಸುವ ದ್ರಾವಣ, ನಂತರ ಹೈಪೋ, ಕೊನೆಗೆ ಹರಿಯುವ ನೀರು. ಹೈಪೋ ಎಂದರೆ ಸೋಡಿಯಂ ಥಯೋಸಲ್ಫೇಟ್. ಬೆಳಕು ತಾಗದ ಬೆಳ್ಳಿಯ ಲವಣವನ್ನು ಇದು ಕರಗಿಸುವುದರಿಂದ ಚಿತ್ರವು ಸ್ಥಿರವಾಗುತ್ತದೆ. ಬೆಳ್ಳಿಯ ಲವಣಗಳನ್ನು ಕರಗಿಸುವ ಇದರ ಗುಣವನ್ನು 1819ರಲ್ಲಿ ಜಾನ್ ಹರ್ಷೆಲ್ ಗುರುತಿಸಿದರು.

1927ರಿಂದ ಬಳಕೆಯಲ್ಲಿರುವ ಡಿ-76 ಡೆವಲಪರ್‌ಗೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಸೂಚಿಸುತ್ತಾರೆ. ನಮ್ಮ ಬೇಸಿಗೆಯಲ್ಲಿ ನಲ್ಲಿಯ ನೀರು ಇದಕ್ಕಿಂತ ಬಿಸಿಯಾಗಿರುತ್ತದೆ. ಆಗ ದ್ರಾವಣದ ಪಾತ್ರೆಯನ್ನು ಐಸ್ ಹಾಕಿದ ನೀರಿನಲ್ಲಿ ಇಡಬೇಕು, ಇಲ್ಲವೇ ತೊಳೆಯುವ ಅವಧಿಯನ್ನು ಕಡಿಮೆ ಮಾಡಬೇಕು. ಬಣ್ಣದ ಫಿಲ್ಮಿನ ಸಿ-41 ವಿಧಾನಕ್ಕೆ 37.8 ಡಿಗ್ರಿಯನ್ನು ನಿಖರವಾಗಿ ಕಾಯ್ದುಕೊಳ್ಳಬೇಕಾದ್ದರಿಂದ ಹೆಚ್ಚಿನವರು ಅದನ್ನು ನಗರದ ಪ್ರಯೋಗಾಲಯಗಳಿಗೆ ಕಳುಹಿಸುತ್ತಾರೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುವುದರಿಂದ ಅದನ್ನು ಬಾವಿ, ಹಳ್ಳಗಳ ಬಳಿ ಚೆಲ್ಲಬಾರದು.

ಮಲೆನಾಡಿನ ತೇವ ಮತ್ತು ಬೂಷ್ಟು

ಜೋಯಿಡಾ ತಾಲ್ಲೂಕಿನ ಘಟ್ಟದ ಅಂಚಿನಲ್ಲಿ ಮಳೆ ಅತಿ ಹೆಚ್ಚು. ಪೂರ್ವದ ಹಳಿಯಾಳ, ಮುಂಡಗೋಡಗಳತ್ತ ಬಂದಂತೆ ಅದು ಕಡಿಮೆಯಾಗುತ್ತದೆ. ಆದರೂ ಮಳೆಗಾಲದ ತಿಂಗಳುಗಳಲ್ಲಿ ಈ ಪ್ರದೇಶದ ಗಾಳಿಯಲ್ಲಿ ತೇವವು ಬಹುಕಾಲ ನಿಲ್ಲುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 60–65ನ್ನು ಮೀರಿ ಬಹಳ ದಿನ ಇದ್ದರೆ ಮಸೂರದ ಒಳಗಿನ ದೂಳು ಮತ್ತು ಜಿಡ್ಡಿನ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ಅದು ಸ್ರವಿಸುವ ಆಮ್ಲವು ಮಸೂರದ ಲೇಪನವನ್ನೂ ಗಾಜನ್ನೂ ಕೊರೆಯುತ್ತದೆ. ಆರಂಭದಲ್ಲಿ ಒರೆಸಿ ತೆಗೆಯಬಹುದು. ಕೊರೆದ ಗಾಜನ್ನು ಮೊದಲಿನಂತೆ ಮಾಡಲಾಗದು.

ಇದನ್ನು ತಡೆಯಲು ಕ್ಯಾಮೆರಾವನ್ನು ಚರ್ಮದ ಚೀಲದಿಂದ ಹೊರತೆಗೆದು ಇಡಬೇಕು. ಚರ್ಮವು ತೇವವನ್ನು ಹೀರಿ ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡುವುದು ಸುಲಭ ಉಪಾಯ. ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಡಬ್ಬಿಯೊಳಗಿನ ಆರ್ದ್ರತೆ ಶೇಕಡಾ 40–50ರಷ್ಟಿದ್ದರೆ ಸಾಕು. ತೀರ ಒಣಗಿದರೆ ಚರ್ಮ ಬಿರಿಯುತ್ತದೆ. ಬೂಷ್ಟು ಹಿಡಿದ ಮಸೂರವನ್ನು ಉಳಿದವುಗಳಿಂದ ಬೇರೆ ಇಡುವುದು ವಾಡಿಕೆ. ಆಗಾಗ ಹೊರತೆಗೆದು ಬಳಸುವ ಕ್ಯಾಮೆರಾದ ಶಟರ್ ಅಂಟಿಕೊಳ್ಳುವುದು ಕಡಿಮೆ, ಅದರಲ್ಲಿ ಬೂಷ್ಟು ಕಂಡರೂ ಬೇಗ ಗೊತ್ತಾಗುತ್ತದೆ.

ನೆಗೆಟಿವ್‌ಗಳ ಮಹತ್ವ

ಈ ಪ್ರದೇಶದ ಇತ್ತೀಚಿನ ಇತಿಹಾಸದ ಮೂರು ದೊಡ್ಡ ಬದಲಾವಣೆಗಳು ಫಿಲ್ಮ್ ಕಾಲಕ್ಕೆ ಸೇರಿವೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಿಂದ ದಾಂಡೇಲಿ ಕೈಗಾರಿಕಾ ಪಟ್ಟಣವಾಗಿ ಬೆಳೆಯಿತು. 1966ರಲ್ಲಿ ಮುಂಡಗೋಡದ ಬಳಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಇಲ್ಲಿ ಮರುಸ್ಥಾಪನೆಗೊಂಡವು. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು, ಜೋಯಿಡಾ ತಾಲ್ಲೂಕು ಕೇಂದ್ರವಾಯಿತು. ಮುಳುಗುವ ಮೊದಲಿನ ಸೂಪಾದ ಪೇಟೆ, ಮನೆ, ಜನರ ಚಿತ್ರಗಳು ಎಲ್ಲಿಯೇ ಇದ್ದರೂ ಅವು ಫಿಲ್ಮಿನಲ್ಲಿ ತೆಗೆದವೇ ಆಗಿರುತ್ತವೆ. ಆ ಊರನ್ನು ಇನ್ನೊಮ್ಮೆ ಚಿತ್ರಿಸುವ ಅವಕಾಶವಿಲ್ಲ.

ನೆಗೆಟಿವ್ ಎಷ್ಟು ಕಾಲ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಹಂಪಿಯೇ ಸಾಕ್ಷಿ. ಗ್ರೀನ್‌ಲಾ ಅವರ 1856ರ ನೆಗೆಟಿವ್‌ಗಳು ಉಳಿದುದರಿಂದ, 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಚಿತ್ರಗಳನ್ನು ತೆಗೆಯಲು ಸಾಧ್ಯವಾಯಿತು. ಎರಡನ್ನೂ ಹೋಲಿಸಿದಾಗ ಆ ನಡುವೆ ಸ್ಮಾರಕಗಳಲ್ಲಿ ಆದ ಬದಲಾವಣೆ ಸ್ಪಷ್ಟವಾಗುತ್ತದೆ.

ನೆಗೆಟಿವ್‌ಗಳು ನಾಶವಾಗಲು ಹಲವು ಕಾರಣಗಳಿವೆ. ಫಿಲ್ಮಿನ ಮೇಲಿನ ಜೆಲಟಿನ್ ಪದರ ಬೂಷ್ಟಿಗೆ ಆಹಾರವಾಗುತ್ತದೆ. ಅಸಿಟೇಟ್ ಆಧಾರದ ಫಿಲ್ಮ್ ಸೆಕೆ ಮತ್ತು ತೇವದಲ್ಲಿ ಕೊಳೆತು ವಿನಿಗರ್ ವಾಸನೆ ಬೀರುತ್ತದೆ, ಸುರುಟಿಕೊಳ್ಳುತ್ತದೆ. ಇದು ಒಮ್ಮೆ ಆರಂಭವಾದರೆ ವೇಗ ಹೆಚ್ಚುತ್ತಲೇ ಹೋಗುತ್ತದೆ. ಸ್ಟುಡಿಯೋ ಮುಚ್ಚಿದಾಗ ಕ್ಯಾಮೆರಾ ಮಾರಾಟವಾಗಿ ನೆಗೆಟಿವ್‌ಗಳು ಕಸಕ್ಕೆ ಹೋಗುವುದುಂಟು. ಕಪ್ಪು-ಬಿಳುಪು ನೆಗೆಟಿವ್‌ಗಳಲ್ಲಿ ಬೆಳ್ಳಿ ಇರುವುದರಿಂದ, ಅದನ್ನು ಬೇರ್ಪಡಿಸಿ ತೆಗೆಯುವವರಿಗೆ ಅವುಗಳನ್ನು ತೂಕಕ್ಕೆ ಮಾರುವುದೂ ಉಂಟು.

ಸಂರಕ್ಷಣೆಯ ಸರಳ ಕ್ರಮಗಳು

ನೆಗೆಟಿವ್‌ಗಳನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಹತ್ತಿಯ ಕೈಗವಸು ಉತ್ತಮ. ಪಿವಿಸಿ ಪ್ಲಾಸ್ಟಿಕ್ ಹಾಳೆಗಳ ಬದಲು ಆಮ್ಲರಹಿತ ಕಾಗದ ಅಥವಾ ಪಾಲಿಪ್ರೊಪಿಲೀನ್ ಲಕೋಟೆಗಳನ್ನು ಬಳಸಬೇಕು. ವಿನಿಗರ್ ವಾಸನೆ ಬರುವವನ್ನು ತಕ್ಷಣ ಬೇರ್ಪಡಿಸಿ, ಮೊದಲು ಅವುಗಳ ಪ್ರತಿ ತೆಗೆಯಬೇಕು. ಸ್ಕ್ಯಾನರ್ ಇಲ್ಲದಿದ್ದರೆ, ಸಮನಾದ ಬಿಳಿ ಬೆಳಕಿನ ಮುಂದೆ ನೆಗೆಟಿವ್ ಇಟ್ಟು ಡಿಜಿಟಲ್ ಕ್ಯಾಮೆರಾದಿಂದ ಹತ್ತಿರದ ಚಿತ್ರ ತೆಗೆದು, ಗಣಕಯಂತ್ರದಲ್ಲಿ ಕಪ್ಪು-ಬಿಳುಪನ್ನು ತಿರುವುಮುರುವಾಗಿಸಬಹುದು. ಪ್ರತಿ ತೆಗೆದ ಮೇಲೂ ಮೂಲವನ್ನು ಎಸೆಯಬಾರದು.

ಚಿತ್ರದಲ್ಲಿರುವವರು ಯಾರು, ಸ್ಥಳ ಯಾವುದು, ಕಾಲ ಯಾವುದು ಎಂಬುದನ್ನು ಲಕೋಟೆಯ ಮೇಲೆ, ನೆಗೆಟಿವನ್ನು ಒಳಗಿಡುವ ಮೊದಲೇ, ಪೆನ್ಸಿಲಿನಲ್ಲಿ ಬರೆಯಬೇಕು. ಸ್ಟುಡಿಯೋದ ಲಕೋಟೆ, ಕ್ರಮಸಂಖ್ಯೆ, ರಸೀದಿಗಳಿದ್ದರೆ ಅವನ್ನೂ ಜೊತೆಗಿಡಬೇಕು. ಗುರುತಿಸಬಲ್ಲ ಹಿರಿಯರು ಇರುವಾಗಲೇ ಇದನ್ನು ಮಾಡುವುದು ಅಗತ್ಯ. ಹೆಸರು ತಿಳಿಯದ ಮುಖಗಳ ಚಿತ್ರ ಉಳಿದರೂ, ಮುಂದಿನವರಿಗೆ ಅದು ಅಪರಿಚಿತರ ಚಿತ್ರವಾಗಿಯೇ ಉಳಿಯುತ್ತದೆ.